ಯಾವ ಯೂಸರ್ ಅಂತ ಹೆಸರಲ್ಲೇ ಹೇಳಬಾರದಾ?

ನಿನ್ನೆ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಆಫೀಸಿಗೆ ಫೋನ್ ಮೇಲೆ ಫೋನ್. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬಿಲ್ಲೇ ಬರುತ್ತಿಲ್ಲ! ಹೊಸ ಹುಡುಗ ಹಳೇ ಲಿನಕ್ಸ್ ಖಾತೆ ತೆಗೆಯಲು ಹೋಗಿ 'ಡ್ರಾಪ್‌ಯೂಸರ್' ಕಮಾಂಡ್ ಹೊಡೆದಿದ್ದ. ಹೋಗಿದ್ದು ಅದೇ ಹೆಸರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಲಾಗಿನ್; ಬಿಲ್ ಬರುತ್ತಿದ್ದುದು ಅದರಿಂದಲೇ. 'ತೆಗೆಯಲಾ?' ಅಂತ ಆ ಕಮಾಂಡ್ ಒಂದು ಮಾತೂ ಕೇಳಲಿಲ್ಲ. ಕೇಳು ಅಂತ ನಾವಾಗಿ ಹೇಳದಿದ್ದರೆ ಅದು ಕೇಳುವುದೇ ಇಲ್ಲ.

ಲಿನಕ್ಸಿನದು 'ಯೂಸರ್‌ಡೆಲ್', ಡೇಟಾಬೇಸಿನದು 'ಡ್ರಾಪ್‌ಯೂಸರ್'. ಹೆಸರು ನೋಡಿದರೆ ಯಾವುದು ಯಾವುದರದು ಅಂತ ಯಾರಿಗೆ ಗೊತ್ತಾಗಬೇಕು? 'ಕ್ರಿಯೇಟ್‌ಯೂಸರ್' ಕಥೆಯೂ ಇದೇ. ಪೋಸ್ಟ್‌ಗ್ರೆಸ್‌ನದೇ ಬ್ಯಾಕಪ್ ಕಮಾಂಡ್ 'ಪಿಜಿ_ಡಂಪ್'ಗೆ ಇರುವ 'ಪಿಜಿ' ಇವಕ್ಕೆ ಯಾಕಿಲ್ಲ? ಇನ್ನು 'ಪಿಜಿ_ರಿಸ್ಟೋರ್'. ಸಾದಾ ಎಸ್‌ಕ್ಯೂಎಲ್ ಬ್ಯಾಕಪ್ ಕೊಟ್ಟರೆ ಅದು ರಿಸ್ಟೋರ್ ಮಾಡಲ್ಲ! ಮತ್ತೆ ಆ ಹೆಸರು ಯಾಕೆ?

ಹಿಂದೆ ಪೋಸ್ಟ್‌ಗ್ರೆಸ್‌ನಲ್ಲಿ 'ಪಿಜಿ_ಎಕ್ಸ್‌ಲಾಗ್' ಅಂತ ಫೋಲ್ಡರ್ ಇತ್ತು; ಡೇಟಾ ಉಳಿಯಲು ಬೇಕೇ ಬೇಕಾದ ಫೈಲುಗಳು ಅದರಲ್ಲಿ. ಲಾಗ್ ಅಲ್ವಾ, ಡಿಸ್ಕ್ ತುಂಬಿದೆ ಅಂತ ಅಳಿಸಿ ಎಷ್ಟೋ ಜನ ಡೇಟಾಬೇಸನ್ನೇ ಕಳೆದುಕೊಂಡರು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದು 'ಲಾಗ್' ಅನ್ನುವ ಪದವಿಲ್ಲದ 'ಪಿಜಿ_ವಾಲ್' ಆಯಿತು. ಅಲ್ಲಿಯವರೆಗೆ ಜನ ಅಳಬೇಕಿತ್ತಾ?

ಹುಡುಗ ರಾತ್ರಿ ಹತ್ತಾದರೂ ಮನೆಗೆ ಹೋಗಲಿಲ್ಲ. 'ತಪ್ಪಾಯ್ತು ಸಾರ್' ಅಂತಲೇ ಇದ್ದ. ತಪ್ಪು ಅವನದಾ?