ಅಡ್ರೆಸ್ ಇಲ್ಲದ ಗಿರಣಿ

ಗಂಗಾವತಿಯ ಅಕ್ಕಿ ಗಿರಣಿಯ ಗೆಳೆಯರೊಬ್ಬರು ಸಿಸಿಟಿವಿ ಹಾಕಿಸಿದರು. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಭತ್ತದ ಲಾರಿ ನೋಡುವ ಆಸೆ. ಕ್ಯಾಮೆರಾ ಬಂತು, ವೈರ್ ಬಂತು, ಚಿತ್ರ ಮಾತ್ರ ಬರಲಿಲ್ಲ. "ನಿಮಗ ಪಬ್ಲಿಕ್ ಐಪಿ ಇಲ್ರಿ. ಸ್ಟ್ಯಾಟಿಕ್ ಐಪಿ ತಗೊಳ್ರಿ, ತಿಂಗಳಿಗೆ ಬ್ಯಾರೆ ರೊಕ್ಕ ಆಗ್ತದ" ಎಂದ ಇಂಟರ್ನೆಟ್ ಹುಡುಗ. ಐಪಿ ಅಂದ್ರೆ ಇಂಟರ್ನೆಟ್ಟಿನಲ್ಲಿ ನಮ್ಮ ಅಡ್ರೆಸ್; ಪಬ್ಲಿಕ್ ಅಂದ್ರೆ ಹೊರಗಿನವರಿಗೂ ಸಿಗೋದು, ಸ್ಟ್ಯಾಟಿಕ್ ಅಂದ್ರೆ ಬದಲಾಗದ್ದು.

ಹುಡುಗನ ತಪ್ಪಿಲ್ಲ ಬಿಡಿ. ಈ ಅಡ್ರೆಸ್ ಕೊಡೋ ಹಳೇ ಪದ್ಧತಿ ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ಅಡ್ರೆಸ್. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿ. ಈಗ ಒಂದೇ ಅಡ್ರೆಸ್ಸಿನಲ್ಲಿ ಎಷ್ಟೋ ಮನೆಗಳ ಸಂಸಾರ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಬಾಗಿಲು ತಟ್ಟೋ ಹಾಗಿಲ್ಲ.

ಇದಕ್ಕೆ ಮದ್ದು 1995ರಲ್ಲೇ ಬರೆದಿಟ್ಟಿದ್ದಾರೆ, ಹೊಸ ಪದ್ಧತಿ ಐಪಿವಿ6. ಅದರಲ್ಲಿರುವ ಅಡ್ರೆಸ್‌ಗಳು 34ರ ಮುಂದೆ 37 ಸೊನ್ನೆ. ಗಂಗಾವತಿಯ ಪ್ರತಿ ಅಕ್ಕಿ ಕಾಳಿಗೂ ಕೊಡಬಹುದು, ನುಚ್ಚಿಗೂ ಕೊಡಬಹುದು. ನಾಲ್ಕಾದ ಮೇಲೆ ಐದು ಎಲ್ಲಿ ಹೋಯ್ತು ಅಂತೀರಾ? ಆ ನಂಬರನ್ನು ಧ್ವನಿ, ವಿಡಿಯೊ ಸಾಗಿಸುವ ಒಂದು ಪ್ರಯೋಗಕ್ಕೆ ಮೊದಲೇ ಕೊಟ್ಟಾಗಿತ್ತು. ಪ್ರಯೋಗ ಜನರ ತನಕ ಬರಲೇ ಇಲ್ಲ. ಮಂಜೂರಾಗಿ ಮನೆ ಏಳದ ಸೈಟಿನ ಹಾಗೆ ನಂಬರ್ ಮಾತ್ರ ಅದರ ಹೆಸರಲ್ಲೇ ಉಳಿಯಿತು.

ತೊಡಕೇನು ಅಂದ್ರೆ, ಆರು ಮತ್ತು ನಾಲ್ಕು ನೇರವಾಗಿ ಮಾತಾಡಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಓಡಿಸಬೇಕು. ಏನಾದ್ರೂ ಕೆಟ್ಟರೆ ಬೈಸಿಕೊಳ್ಳೋದು ಹೊಸದೇ. "ಆ ಆರನ್ನ ಆಫ್ ಮಾಡ್ರಿ ಸರ, ನೆಟ್ ಫಾಸ್ಟ್ ಆಗ್ತದ!"

ಸರ್ಕಾರವನ್ನಂತೂ ಮೆಚ್ಚಲೇಬೇಕು. ಐಪಿವಿ6ಗೆ ಹೋಗೋಕೆ 2010ರಲ್ಲಿ ಒಂದು ರೋಡ್‌ಮ್ಯಾಪ್, 2013ರಲ್ಲಿ ಇನ್ನೊಂದು. ರೋಡ್ ತಡವಾದರೂ ಮ್ಯಾಪ್ ತಡವಾಗಲಿಲ್ಲ. ಗಡುವುಗಳು ಮುಂದಕ್ಕೆ ಹೋಗಿ ಹೋಗಿ, ಐಪಿವಿ6 ಗೊತ್ತಿಲ್ಲದ ಗ್ರಾಹಕರ ಹಳೇ ರೂಟರ್ (ಮನೆಗೆ ನೆಟ್ ಹಂಚೋ ಡಬ್ಬಿ) ಬದಲಿಸೋಕೆ ಕೊನೆಗೆ ಕೊಟ್ಟ ದಿನ 2022ರ ಡಿಸೆಂಬರ್ 31. ಗಿರಣಿಯ ರೂಟರ್ ಇನ್ನೂ ಅದೇ. ಮುರಿದ ಆಂಟೆನಾಗೆ ರಬ್ಬರ್ ಬ್ಯಾಂಡ್, ಮೈ ತುಂಬ ತೌಡಿನ ಧೂಳು. ತಮಾಷೆ ನೋಡಿ, ಅದರ ಪಕ್ಕ ನಿಂತ ಮಾಲೀಕರ ಜೇಬಿನ ಮೊಬೈಲಿಗೆ ಐಪಿವಿ6 ಅಡ್ರೆಸ್ ಇದೆ. ಮೊಬೈಲ್ ಕಂಪನಿಗಳ ದಯೆಯಿಂದ ಇದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆಯಂತೆ.

ನಗು ಸಾಕಾಯ್ತು. ಇಂಟರ್ನೆಟ್ ಕಂಪನಿಯವರೇ, ಅಡ್ರೆಸ್ಸಿಗೆ ಬರಗಾಲ ಅಂತೀರಿ, ತಿಂಗಳ ರೊಕ್ಕ ಎಣಿಸಿದ ಕೂಡಲೇ ಅದೇ ಅಡ್ರೆಸ್ ಎಲ್ಲಿಂದ ಬರುತ್ತೆ? ಬರ ಮುಗಿದರೆ ಈ ವ್ಯಾಪಾರವೂ ಮುಗಿಯುತ್ತೆ, ಯಾರಿಗಿದೆ ಅವಸರ? ವರ್ಷಗಟ್ಟಲೆ ಬಿಲ್ ಕಟ್ಟಿದ್ದೀವಿ. ಆ ಡಬ್ಬಾ ರೂಟರನ್ನಾದರೂ ಬದಲಿಸಿ ಕೊಡ್ರಪ್ಪ.