ಯಾವ ಲೇಔಟು ಸಾರ್?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಫ್ಲೆಕ್ಸ್. ‘ಮುಕ್ತ ಮೊಬೈಲ್ ವೇದಿಕೆಗೆ ಡೆವಲಪರ್ ಸಮುದಾಯ ನಿರ್ಮಾಣ, ಉದ್ಘಾಟನಾ ಸಮಾರಂಭ’. ಕೆಳಗೆ ಹನ್ನೊಂದು ಗಣ್ಯರ ಮುಖ. ಡೆವಲಪರ್ ಮುಖ ಒಂದೂ ಇಲ್ಲ. ಆಟೊ ಹತ್ತಿ, ಅಲ್ಲಿಗೆ ಬಿಡಪ್ಪ ಅಂದೆ. ಅವನು ಫ್ಲೆಕ್ಸ್ ಓದಿ ಕೇಳಿದ: ‘ಯಾವ ಲೇಔಟು ಸಾರ್? ಏನ್ ರೇಟು?’

ಅವನ ತಪ್ಪಿಲ್ಲ. ನಮ್ಮ ಕಡೆ ಡೆವಲಪರ್ ಅಂದ್ರೆ ರಾಗಿ ಹೊಲದಲ್ಲಿ ಕಲ್ಲು ನೆಟ್ಟು, ‘ಬೆಂಗಳೂರಿಗೆ ಒಂದೇ ಗಂಟೆ’ ಅಂತ ಬೋರ್ಡು ಬರೆಸುವವನು. ಸಮುದಾಯ ಅಂದ ಕೂಡಲೇ ಬಾಯಿಗೆ ಬರುವ ಮುಂದಿನ ಪದ ಭವನ. ಗುದ್ದಲಿ ಪೂಜೆ, ಅನುದಾನ, ಅರ್ಧಕ್ಕೆ ನಿಂತ ಪಿಲ್ಲರು. ವೇದಿಕೆ ಅಂದ್ರೆ ಗಣ್ಯರು ಕೂರುವ ಜಾಗ. ಈ ಮೂರು ಪದ ಒಟ್ಟಿಗೆ ಓದಿ, ಇದು ಫೋನ್ ಓಡಿಸೋ ಕೋಡ್ ಬರೆಯುವವರ ಬಳಗ, ಅಂದ್ರೆ ಸಾಫ್ಟ್‌ವೇರ್ ಅಂತ ತಿಳಿದುಕೊಳ್ಳೋಕೆ ಅವನಿಗೇನು ತಲೆ ಕೆಟ್ಟಿದೆಯೇ?

ಒಳಗೆ ಹೋದ ಮೇಲೆ ಅವನೇ ಸರಿ ಅನ್ನಿಸಿತು. ವೇದಿಕೆ ಭರ್ತಿಯಾಗಿತ್ತು. ಫ್ಯಾನ್ ಗಾಳಿಗೆ ದೀಪ ಮೂರು ಸಲ ಆರಿತು. ಮುಖ್ಯ ಅತಿಥಿಗಳು ಮೊಬೈಲಿನಿಂದ ಯುವಜನ ಹೇಗೆ ಹಾಳಾಗ್ತಿದ್ದಾರೆ ಅಂತ ನಲವತ್ತು ನಿಮಿಷ ಮಾತಾಡಿದರು. ಕೆಳಗೆ ಕೂತ ಹುಡುಗರು ಅದನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಂಡರು. ಹಾಜರಿ ಕೊಡ್ತೀವಿ ಅಂತ ಕರೆತಂದಿದ್ದ ಹುಡುಗರು, ಪಾಪ. ಟೀ ಶರ್ಟ್ ಹಂಚಿದರು. ಎಲ್ಲ ಒಂದೇ ಅಳತೆ, ಎಕ್ಸೆಲ್. ಸಮುದಾಯ ಮುಂದೆ ದಪ್ಪ ಆಗುತ್ತೆ ಅನ್ನೋ ನಂಬಿಕೆ ಇರಬೇಕು.

ಒಬ್ಬ ಹುಡುಗ ಮಾತ್ರ ಎದ್ದು ನಿಂತ. ‘ಸಾರ್, ಆಂಡ್ರಾಯ್ಡ್ ಸೋರ್ಸ್ ಕೋಡ್ ಬಿಲ್ಡ್ ಮಾಡೋಕೆ ಕನಿಷ್ಠ 64 ಜಿಬಿ ರ‍್ಯಾಮ್, 400 ಜಿಬಿ ಖಾಲಿ ಜಾಗ ಬೇಕು ಅಂತ ಗೂಗಲ್ಲಿನವರೇ ಬರೆದಿದ್ದಾರೆ. ನಮ್ಮ ಲ್ಯಾಬಲ್ಲಿರೋದು 8 ಜಿಬಿ. ಏನ್ ಮಾಡೋದು?’ ವೇದಿಕೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ‘ಒಳ್ಳೆ ಪ್ರಶ್ನೆ. ಊಟ ಆದ್ಮೇಲೆ ನೋಡೋಣ.’ ಊಟ ಆದ ಮೇಲೆ ವೇದಿಕೆ ಮೇಲೆ ಬರೀ ಕುರ್ಚಿಗಳಿದ್ದವು.

ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಕೇಳಿದರು, ‘ಮುಕ್ತ ಅಂದ್ರೇನ್ರೀ? ಪುಕ್ಕಟೆನಾ?’ ಅಷ್ಟೇ ಅಲ್ಲ ಮೇಷ್ಟ್ರೇ ಅಂದೆ. ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂದ್ಕೊಳ್ಳಿ. ಹಿಟ್ಟು ಹೊರಗೆ ಇಟ್ಟಿರ್ತಾರೆ. ಯಾರು ಬೇಕಾದ್ರೂ ಒಯ್ದು ಬೇಯಿಸಿಕೊಳ್ಳಬಹುದು, ಮಾರಿಕೊಳ್ಳಬಹುದು. ಆದರೆ ತಟ್ಟೆ, ಚಟ್ನಿ, ಬೆಣ್ಣೆ ಮಾಲೀಕರದ್ದು. ಆಂಡ್ರಾಯ್ಡ್ ಹಿಟ್ಟು, ಅಂದ್ರೆ ಅದರ ಕೋಡು, ಎಲ್ಲರದ್ದು. ಪ್ಲೇ ಸ್ಟೋರ್, ಮ್ಯಾಪ್ಸ್, ಪ್ಲೇ ಸರ್ವೀಸಸ್ ಗೂಗಲ್ಲಿನದು. ಬರೀ ಹಿಟ್ಟಿನ ಫೋನು ಕೊಟ್ಟರೆ ಅಂಗಡಿಯಲ್ಲಿ ಯಾರು ತಗೋತಾರೆ? ಮೊದಲೆಲ್ಲ ರುಬ್ಬೋದಾದ್ರೂ ಒಂದಷ್ಟು ಕಣ್ಣಿಗೆ ಬೀಳ್ತಿತ್ತು. 2025ರ ಮಾರ್ಚ್‌ನಲ್ಲಿ ಒರಳನ್ನೂ, ಅಂದ್ರೆ ಕೋಡ್ ಬರೆಯೋ ಕೆಲಸವನ್ನೂ, ಗೂಗಲ್ಲಿನವರು ಪೂರ್ತಿ ಒಳಗೆ ಎಳೆದುಕೊಂಡರು. ರುಬ್ಬಿ ಆದ ಮೇಲೆ ಪಾತ್ರೆ ಹೊರಗಿಡ್ತೀವಿ ಅಂದರು. ಮೇಷ್ಟ್ರು ತಲೆದೂಗಿದರು. ‘ಬೆಣ್ಣೆ ಜಾಸ್ತಿ ಹಾಕೋದು ಈಗ ಯಾವ ಹೋಟೆಲು?’ ಆಮೇಲೆ ಕಾಲು ಗಂಟೆ ನಾವಿಬ್ಬರೂ ಅದನ್ನೇ ಮಾತಾಡಿದೆವು. ಇಡೀ ಸಭೆಯಲ್ಲಿ ಉಪಯೋಗಕ್ಕೆ ಬಂದ ಚರ್ಚೆ ಅದೊಂದೇ.

ಹಾಗೆ ನೋಡಿದರೆ ಸಮುದಾಯದ ಹೆಸರಲ್ಲಿ ದೀಪ ಹಚ್ಚಿ ಗಾಳಿಗೆ ಬಿಡೋದು ನಮ್ಮೂರಿನ ಪೇಟೆಂಟೇನಲ್ಲ. ನೋಕಿಯಾ ಫೋನುಗಳನ್ನು ಓಡಿಸುತ್ತಿದ್ದ ಓಎಸ್ ಸಿಂಬಿಯನ್ 2010ರ ಫೆಬ್ರವರಿಯಲ್ಲಿ ತನ್ನ ಕೋಡಿನ ಬಾಗಿಲು ತೆರೆಯಿತು, ಎಲ್ಲರೂ ಬನ್ನಿ ಅಂದಿತು. ವರ್ಷ ಮುಗಿಯುವಷ್ಟರಲ್ಲಿ ಕರೆದವರೇ ಗಂಟುಮೂಟೆ ಕಟ್ಟುತ್ತಿದ್ದರು. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ 2014ರಲ್ಲಿ 1,999 ರೂಪಾಯಿಯ ಫೋನಿನಲ್ಲಿ ನಮ್ಮ ದೇಶಕ್ಕೆ ಬಂತು. 2015ರ ಡಿಸೆಂಬರ್‌ನಲ್ಲಿ, ಇನ್ನು ಫೋನ್ ಮಾರಲ್ಲ, ನಮಸ್ಕಾರ. ಅದರ ಕೋಡು ಮಾತ್ರ ಕೈಓಎಸ್ ಆಗಿ ಜಿಯೋಫೋನಿನಲ್ಲಿ ಹೊಟ್ಟೆ ಹೊರೆದುಕೊಂಡಿತು. 2023ರ ಜನವರಿಯಲ್ಲಿ ಇಬ್ಬರು ಕೇಂದ್ರ ಮಂತ್ರಿಗಳು ನಮ್ಮ ದೇಶದ್ದೇ ಆದ ಭರ್ ಓಎಸ್ ಪರೀಕ್ಷೆ ಮಾಡಿ ಶಹಬ್ಬಾಸ್ ಅಂದರು. ನಮ್ಮ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೇಳಿದೆ. ‘ಅದ್ಯಾವ ಚಾರ್ಜರ್ ಸಾರ್?’

ಇಂಥದ್ದೇ ಇನ್ನೊಂದು ಓಎಸ್ ಇದ್ದ ಉಬುಂಟು ಫೋನಿನ ಕತೆ ಬೇರೆ. 2017ರಲ್ಲಿ ಅದನ್ನು ಮಾಡಿದ ಕಂಪನಿಯೇ ಕೈಬಿಟ್ಟಿತು. ಯುಬಿಪೋರ್ಟ್ಸ್ ಅನ್ನೋ ಹೆಸರಲ್ಲಿ ಒಂದಷ್ಟು ಸ್ವಯಂಸೇವಕರು ಎತ್ತಿಕೊಂಡು ಸಾಕಿದರು. ಅವರಿಗೆ ಯಾರೂ ಶಾಲು ಹೊದಿಸಿರಲಿಲ್ಲ.

ಇಲ್ಲಿ ಮಾತ್ರ ಹನ್ನೊಂದು ಶಾಲು, ಹನ್ನೊಂದು ಪೇಟ, ಹನ್ನೊಂದು ಹಾರ, ಗಾಜಿನ ಪೆಟ್ಟಿಗೆಯಲ್ಲಿ ನೆನಪಿನ ಕಾಣಿಕೆ. ಆ ದುಡ್ಡಿಗೆ ರ‍್ಯಾಮ್ ತರಬಹುದಿತ್ತಲ್ರೀ! ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ನಿಂತುಕೊಂಡೇ ವಾಪಸ್ ಬರುವ ಹುಡುಗರು ಈ ಊರಲ್ಲಿದ್ದಾರೆ. ಅವರಿಗೆ ಬೇಕಿರೋದು ಭಾನುವಾರ ತೆರೆದಿರುವ ಒಂದು ಕೋಣೆ. ಸಾಯಂಕಾಲ ನಾಲ್ಕೂವರೆಗೆ ಬೀಗ ಬೀಳದ ಲ್ಯಾಬು. ಕಷ್ಟಪಟ್ಟು ಕೋಡಿನಲ್ಲಿ ಒಂದು ತಪ್ಪು ತಿದ್ದಿ ಕಳಿಸಿದರೆ, ಸರಿಯೋ ತಪ್ಪೋ ಅಂತ ಒಂದು ಸಾಲಿನ ಉತ್ತರ ಬರೆಯುವ ಮನುಷ್ಯ. ಮೊದಲ ಆಂಡ್ರಾಯ್ಡ್ ಫೋನು ಬಂದಿದ್ದು 2008ರಲ್ಲಿ. ಅದರಲ್ಲಿ ಕನ್ನಡ ಓದೋಕೆ 2012ರ ಜೆಲ್ಲಿ ಬೀನ್ ಅನ್ನೋ ಆವೃತ್ತಿ ತನಕ ಕಾಯಬೇಕಾಯ್ತು. ಅಲ್ಲಿವರೆಗೆ ಬಹಳಷ್ಟು ಫೋನುಗಳಲ್ಲಿ ನಮ್ಮ ಭಾಷೆ ಅಂದ್ರೆ ಖಾಲಿ ಡಬ್ಬಗಳ ಸಾಲು. ಆಗಲೂ ಊರೂರಲ್ಲಿ ಭಾಷಣಗಳಿದ್ದವು. ಇದನ್ನೆಲ್ಲ ಬರೆದು ಬರೆದು ನನಗೂ ಸಾಕಾಗಿದೆ.

ಹೊರಗೆ ಬಂದರೆ ಅದೇ ಆಟೊ.

‘ಬುಕ್ ಮಾಡಿದ್ರಾ ಸಾರ್? ರಿಜಿಸ್ಟ್ರೇಷನ್ ಆಗುತ್ತಂತಾ?’

ಆಗಲೇಬೇಕಂತಪ್ಪ ಅಂದೆ. ಪ್ಲೇ ಸ್ಟೋರಿನ ಹೊರಗೆ ಆಪ್ ಹಂಚುವವರೂ ಗುರುತಿನ ದಾಖಲೆ ಕೊಟ್ಟು ಗೂಗಲ್ಲಿನಲ್ಲಿ ಹೆಸರು ಬರೆಸಬೇಕು ಅಂತ 2025ರ ಆಗಸ್ಟ್‌ನಲ್ಲೇ ಸಾರಿದ್ದಾರೆ. 2026ರ ಸೆಪ್ಟೆಂಬರ್‌ಗೆ ನಾಲ್ಕು ದೇಶ, 2027ರಿಂದ ಉಳಿದವರು. ವಿದ್ಯಾರ್ಥಿಗಳಿಗೆ ಸ್ವಲ್ಪ ರಿಯಾಯಿತಿ. ಪೂರ್ತಿ ಹಕ್ಕು ಬೇಕಂದ್ರೆ 25 ಡಾಲರ್.

‘ಇ-ಖಾತಾ ಮಾಡಿಕೊಡ್ತಾರಾ?’

ಖಾತೆ ಕೊಡ್ತಾರೆ. ಆದ್ರೆ ಅವರಿಗೆ ಬೇಡ ಅನ್ನಿಸಿದ ದಿನ ರದ್ದು ಮಾಡಬಹುದು.

ಅವನು ಗಾಡಿ ಸ್ಟಾರ್ಟ್ ಮಾಡಿದ.

‘ಅಯ್ಯೋ, ಹಂಗಾದ್ರೆ ಅದು ರೆವಿನ್ಯೂ ಸೈಟು ಸಾರ್. ಮುಟ್ಟಬ್ಯಾಡಿ.’