ಏನ್ ಸಾರ್ ಬ್ಯಾಗಲ್ಲಿ?

500 ರೂಪಾಯಿಯ ಬ್ಯಾಗಿನ ಹಾಗೆ ಕಾಣುವ ಕ್ಯಾಮೆರಾ ಬ್ಯಾಗಿಗೆ 20 ಸಾವಿರ ರೂಪಾಯಿ ಕೊಡಬೇಕಾದ ಕಾಲ ಇದು. ನಂಬಿಕೆ ಬಾರದಿದ್ದರೆ ಕ್ಯಾಮೆರಾ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ. ಒಳಗೆ ಕ್ಯಾಮೆರಾ, ಎರಡು ಲೆನ್ಸು, ಲ್ಯಾಪ್‌ಟಾಪು, ಚಾರ್ಜರು ಎಲ್ಲ ಹಿಡಿಸಬೇಕು. ಹೊರಗಿನಿಂದ ನೋಡಿದವರಿಗೆ ಮಾತ್ರ ಸೆಕೆಂಡ್ ಪಿಯುಸಿ ಹುಡುಗ ಟ್ಯೂಷನ್ನಿಗೆ ಹೊರಟಿದ್ದಾನೆ ಅನ್ನಿಸಬೇಕು. ಏನೂ ಇಲ್ಲ ಅನ್ನಿಸುವ ಈ ಗುಣಕ್ಕೇ ಕಂಪನಿಗಳು ದುಡ್ಡು ಕೇಳುವುದು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಈಗ ಇಂಥ ಬ್ಯಾಗಿನ ಬೇಟೆಯಲ್ಲಿದ್ದಾನೆ. ವಾರದಲ್ಲಿ ಐದು ದಿನ ಸಾಫ್ಟ್‌ವೇರು, ಉಳಿದೆರಡು ದಿನ ಹಕ್ಕಿ, ಗೋಪುರ, ಮಾರ್ಕೆಟ್ಟು ಅಂತ ಕ್ಯಾಮೆರಾ ಹೊತ್ತು ತಿರುಗುವವನು. "ಅಂಕಲ್, ಯಾರ ಕಣ್ಣಿಗೂ ಬೀಳದ ಹಾಗಿರೋ ಬ್ಯಾಗ್ ಬೇಕು" ಅಂದ. ಕಾಲ ಕೆಟ್ಟಿದೆ, ಕಳ್ಳರ ಭಯ ಇರಬಹುದು ಅಂದುಕೊಂಡೆ. "ಕಳ್ಳರದ್ದೇನೂ ತೊಂದರೆ ಇಲ್ಲ ಅಂಕಲ್, ಸೆಕ್ಯುರಿಟಿಯವರದ್ದು" ಅಂದ.

ಆಮೇಲೆ ಗೇಟಿನ ಕಥೆ ಹೇಳಿದ. ಯಾವ ಗೇಟು ಅನ್ನುವುದು ಬೇಡ. ಟಿಕೆಟ್ ಕೌಂಟರು, ಕಬ್ಬಿಣದ ಕಂಬಿ, ಪ್ಲಾಸ್ಟಿಕ್ ಕುರ್ಚಿ ಮೂರೂ ಇರುವ ಯಾವ ಗೇಟಾದರೂ ಆಗಬಹುದು.

"ಏನ್ ಸಾರ್ ಬ್ಯಾಗಲ್ಲಿ?"

"ಕ್ಯಾಮೆರಾ."

"ಪ್ರೊಫೆಷನಲ್ಲಾ?"

"ಇಲ್ಲ, ಸುಮ್ನೆ ಹವ್ಯಾಸಕ್ಕೆ."

"ದೊಡ್ಡದೈತಲ್ಲ?"

"ಸ್ವಲ್ಪ ದೊಡ್ಡದು."

"ಹಂಗಾದ್ರೆ ಪ್ರೊಫೆಷನಲ್ಲೇ. ಪರ್ಮಿಷನ್ ಲೆಟರ್ ತನ್ನಿ."

"ಯಾರು ಕೊಡ್ತಾರೆ?"

"ಆಫೀಸ್‌ನಲ್ಲಿ."

"ಆಫೀಸ್ ಎಲ್ಲಿದೆ?"

"ಒಳಗಡೆ."

"ಒಳಗೆ ಹೋಗಲಾ?"

"ಬ್ಯಾಗ್ ಇಟ್ಕೊಂಡು ಬಿಡಕ್ಕಾಗಲ್ಲ ಸಾರ್. ಅಲ್ಲಿ ಲಗೇಜ್ ರೂಮೈತೆ, ಇಟ್ಬುಟ್ಟು ಬನ್ನಿ."

ಲಗೇಜ್ ರೂಮಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತಂತೆ: 'ಬೆಲೆಬಾಳುವ ವಸ್ತುಗಳನ್ನು ಇಡಬಾರದು. ಕಳೆದುಹೋದಲ್ಲಿ ನಾವು ಜವಾಬ್ದಾರರಲ್ಲ.'

ಇವನು ಆ ಬೋರ್ಡನ್ನು ಎರಡನೇ ಸಲ ಓದುತ್ತ ನಿಂತಿರುವಾಗ ಪಕ್ಕದಲ್ಲೇ ಮದುವೆ ನಿಶ್ಚಯವಾದ ಜೋಡಿಯೊಂದು ಒಳಗೆ ಹೋಯಿತು. ಹುಡುಗಿಗೆ ನೆಲ ಗುಡಿಸುವ ಗೌನು, ಹುಡುಗನಿಗೆ ಸೂಟು, ಹಿಂದೆ ಬಟ್ಟೆ ಹಿಡಿಯುವುದಕ್ಕೊಬ್ಬ, ಬಿಳಿ ಥರ್ಮಾಕೋಲ್ ಹಿಡಿಯುವುದಕ್ಕೊಬ್ಬ, ಅಲುಗಾಡದ ಹಿಡಿಕೆಗೆ ಫೋನು ಸಿಕ್ಕಿಸಿಕೊಂಡು ಹಿಮ್ಮುಖವಾಗಿ ನಡೆಯುವ ಇನ್ನೊಬ್ಬ. ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರ ಬಳಿ ಕ್ಯಾಮೆರಾ ಇರಲಿಲ್ಲವಲ್ಲ!

ಕಾವಲಿನವರನ್ನು ಬೈದರೆ ಪಾಪ ಬರುತ್ತದೆ. ಬಿಸಿಲಲ್ಲಿ ಹನ್ನೆರಡು ಗಂಟೆ ನಿಲ್ಲುವ ಅವರಿಗೆ ಮೇಲಿನವರು ಹೇಳಿರುವುದು ಇಷ್ಟೇ: ದೊಡ್ಡ ಕ್ಯಾಮೆರಾ ಬಿಡಬೇಡ. ಇಂಥ ನಿಯಮ ಹುಟ್ಟಿದ್ದಕ್ಕೆ ಕಾರಣವೂ ಇತ್ತು. ಸಿನಿಮಾದವರು, ಜಾಹೀರಾತಿನವರು ಲೈಟು, ಟ್ರಾಲಿ, ನೂರು ಜನರ ಸಮೇತ ಬಂದು ಜಾಗ ಹಿಡಿದರೆ ಶುಲ್ಕ ಕಟ್ಟಿಸಿಕೊಳ್ಳುವುದು ನ್ಯಾಯವೇ. ಆ ಕಾಲದಲ್ಲಿ ದುಡ್ಡು ಮಾಡುವವರ ಕೈಯಲ್ಲಿ ದೊಡ್ಡ ಕ್ಯಾಮೆರಾ ಇರುತ್ತಿತ್ತು, ಮನೆಯವರ ಕೈಯಲ್ಲಿ ಚಿಕ್ಕದು. ಈಗ ಅದು ತಿರುಗುಮುರುಗಾಗಿದೆ. ರೀಲ್ಸ್ ಮಾಡಿ ದುಡ್ಡು ಎಣಿಸುವವರು ಫೋನು ಹಿಡಿದಿದ್ದಾರೆ, ಗುಬ್ಬಚ್ಚಿ ಫೋಟೋ ತೆಗೆದು ನಾಲ್ಕು ಜನರಿಗೆ ತೋರಿಸುವವನು ಒಂದೂವರೆ ಕೆಜಿ ಲೆನ್ಸ್ ಹೊರುತ್ತಿದ್ದಾನೆ. ನಿಯಮ ಮಾತ್ರ ಬೋರ್ಡಿನ ಮೇಲೆ ಬಣ್ಣ ಮಾಸದೆ ಕೂತಿದೆ.

ಅಂಕಿ ಅಂಶದ ಮಾತಿಗೇ ಬನ್ನಿ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾ ಫೋನಿನ ಕ್ಯಾಮೆರಾ 200 ಮೆಗಾಪಿಕ್ಸೆಲ್. ನಮ್ಮ ಹುಡುಗನ ಕೈಯಲ್ಲಿರುವ ಸೋನಿ ಎ7-3 ಕ್ಯಾಮೆರಾ ಕೇವಲ 24. ಜೇಬಿನಲ್ಲಿ 200 ಇಟ್ಟುಕೊಂಡವರು ಸಾರ್ವಜನಿಕರು, ಬ್ಯಾಗಿನಲ್ಲಿ 24 ಇಟ್ಟುಕೊಂಡವನು ಪ್ರೊಫೆಷನಲ್ಲು. ನಮ್ಮ ಪಕ್ಷಿಧಾಮ, ಅಭಯಾರಣ್ಯಗಳಲ್ಲಿ ಲೆನ್ಸಿನ ಎಂಎಂ, ಅಂದರೆ ಅದು ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಅನ್ನುವ ಅಳತೆಯ ಲೆಕ್ಕದಲ್ಲಿ ಕ್ಯಾಮೆರಾ ಶುಲ್ಕ ಹಾಕುವ ಪದ್ಧತಿಯಿದೆ. 200 ದಾಟಿದರೆ ರೇಟು ಬೇರೆ. ಅದೇ ಸ್ಯಾಮ್‌ಸಂಗ್ ಫೋನಿನ 10 ಪಟ್ಟು ಜೂಮು 230 ಎಂಎಂ ಲೆನ್ಸಿಗೆ ಸಮ. ಅದಕ್ಕೆ ರಸೀದಿ ಹರಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಎಂಎಂ ಅಂದರೆ ಲೆನ್ಸಿನ ಮೈಯುದ್ದ ಅಂದುಕೊಂಡು ಕಣ್ಣಳತೆಯಲ್ಲೇ ತೀರ್ಪು ಕೊಡುವ ಕೌಂಟರುಗಳೂ ಉಂಟು. ನಿಕಾನ್‌ನವರ 2007ರ 14-24 ಎಂಎಂ ಲೆನ್ಸು 13 ಸೆಂಟಿಮೀಟರ್ ಉದ್ದ, ತೂಕ ಹತ್ತಿರ ಹತ್ತಿರ ಒಂದು ಕೆಜಿ. ಅದರಲ್ಲಿ ಹಕ್ಕಿ ತೆಗೆದರೆ ಕಾಣುವುದು ಮರ ಮತ್ತು ಆಕಾಶ. ಒಳಗೆ ಕನ್ನಡಿಯಿಟ್ಟು ಗಿಡ್ಡ ಮಾಡಿದ ಅವರದೇ ಹಳೆಯ 500 ಎಂಎಂ ಲೆನ್ಸು 11 ಸೆಂಟಿಮೀಟರ್. ಅದರಲ್ಲಿ ಆಚೆ ದಡದ ಬಕಪಕ್ಷಿಯ ಕೊಕ್ಕು ಕಾಣುತ್ತದೆ. ಕಣ್ಣಳತೆಯ ನ್ಯಾಯಾಲಯದಲ್ಲಿ ಮೊದಲನೆಯದಕ್ಕೆ ದಂಡ, ಎರಡನೆಯದಕ್ಕೆ ಬಿಡುಗಡೆ.

ಆದ್ದರಿಂದ ಎಲ್ಲ ಭಾರವೂ ಬಿದ್ದಿರುವುದು ಬ್ಯಾಗಿನ ಮೇಲೆ. ಕ್ಯಾಮೆರಾ ಬ್ಯಾಗನ್ನು ಹಿಡಿದುಕೊಡುವುದು ಅದರ ಆಕಾರ: ಇಟ್ಟಿಗೆಯಂಥ ಮೈ, ಪಕ್ಕದಲ್ಲಿ ಟ್ರೈಪಾಡಿಗೆ ಬೆಲ್ಟು, ಎದೆಯ ಮೇಲೆ ಕಂಪನಿಯ ಹೆಸರು. ಮರೆಮಾಚುವ ಈ ಕಾಟ ಇಂದಿನದಲ್ಲ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸಾನ್ ತಮ್ಮ ಲೈಕಾ ಕ್ಯಾಮೆರಾದ ಹೊಳಪು ಕಾಣದಿರಲೆಂದು ಕಪ್ಪು ಟೇಪು ಸುತ್ತಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಮ್ಕಿ ತನ್ನ ಕೆಲಸಕ್ಕೆ ಒದಗುವ ಬ್ಯಾಗು ಸಿಗಲಿಲ್ಲವೆಂದು ಕ್ಯಾನ್ವಾಸ್ ಬಟ್ಟೆಯ ಚೀಲವೊಂದನ್ನು ರೂಪಿಸಿದ. ಅದು ಎಷ್ಟು ಜನಪ್ರಿಯವಾಯಿತೆಂದರೆ ಆಮೇಲೆ ಆ ಸಾದಾ ಚೀಲ ಕಂಡರೇ ಪ್ರೆಸ್‌ನವರು ಬಂದರು ಅನ್ನುವಂತಾಯಿತು. ಗುಟ್ಟಿನ ಬ್ಯಾಗುಗಳ ಹಣೆಬರಹವೇ ಅಷ್ಟು.

ಈಗಿನವರು ಇನ್ನೂ ಮುಂದೆ ಹೋಗಿದ್ದಾರೆ. ಬೂದು ಬಣ್ಣ, ಹೆಸರಿಲ್ಲದ ಮೈ, ಬೆನ್ನಿಗೆ ತಾಗುವ ಕಡೆ ಜಿಪ್ಪು, ಕೆಳಗಿಟ್ಟರೂ ನೆಲಕ್ಕೆ ಬಡಿಯದ ಹಾಗೆ ಎತ್ತರದಲ್ಲಿ ತೂಗುವ ಲ್ಯಾಪ್‌ಟಾಪ್ ಅರೆ. ಒಳ್ಳೆಯ ಯೋಚನೆಗಳೇ. ಬೆನ್ನ ಕಡೆಯ ಜಿಪ್ಪು ನಿಜಕ್ಕೂ ದಸರಾ ಜನಜಂಗುಳಿಗೆ ಹೇಳಿಮಾಡಿಸಿದ್ದು. ಆದರೆ ಕೆಲವದರ ತಳದ ಜೇಬಿನಲ್ಲಿ ಮಳೆಗೆ ಹೊದಿಸುವ ಕವರು ಇಟ್ಟಿರುತ್ತಾರೆ, ಅದರ ಬಣ್ಣ ಕಣ್ಣಿಗೆ ಹೊಡೆಯುವ ಕಿತ್ತಳೆ. ಇಡೀ ದಿನ ಯಾರಿಗೂ ಕಾಣದ ಹಾಗೆ ಓಡಾಡಿ, ಸಂಜೆ ನಾಲ್ಕು ಹನಿ ಬಿದ್ದ ಕೂಡಲೇ ಚಾಮುಂಡಿ ಬೆಟ್ಟದ ಮೇಲಿನವರಿಗೂ ಕಾಣಬೇಕು. ಖಾಲಿ ಬ್ಯಾಗೇ ಎರಡು ಕೆಜಿ ತೂಗುವುದುಂಟು. ಕ್ಯಾಮೆರಾ, ಎರಡು ಲೆನ್ಸು, 16 ಇಂಚಿನ ಲ್ಯಾಪ್‌ಟಾಪು ಸೇರಿದರೆ ಏಳು ಕೆಜಿಯ ಸಮೀಪ. ಅಷ್ಟು ಹೊತ್ತು ಮುಂದಕ್ಕೆ ಬಾಗಿ ನಡೆಯುವವನನ್ನು ನೋಡಿ 'ಇದರಲ್ಲಿ ಏನೂ ಇಲ್ಲ' ಅಂದುಕೊಳ್ಳುವುದಕ್ಕೆ ಸೆಕ್ಯುರಿಟಿಯವರೇನು ಕುರುಡರೇ?

ಬೇಡಪ್ಪ, ಸಾದಾ ಬ್ಯಾಗನ್ನೇ ಕೊಂಡು ಒಳಗೆ ಕ್ಯಾಮೆರಾ ಕೂರಿಸುವ ಸ್ಪಂಜಿನ ಡಬ್ಬ ಇಳಿಸಿಕೋ, ಆ ಡಬ್ಬ ಬಿಡಿಯಾಗಿಯೇ ಸಿಗುತ್ತದೆ ಅಂದೆ. ಇಬ್ಬರೂ ದೊಡ್ಡ ಗಡಿಯಾರ ಗೋಪುರದ ಕಡೆ ಹೋದೆವು. ಫುಟ್‌ಪಾತಿನ ವ್ಯಾಪಾರಿ ಬ್ಯಾಗಿನ ಮೇಲೆ ಬ್ಯಾಗು ಇಳಿಸಿದ. ಒಂದೊಂದರ ಮೇಲೂ ಜಗತ್ಪ್ರಸಿದ್ಧ ಹೆಸರುಗಳು, ಅಕ್ಷರ ಮಾತ್ರ ಒಂದೆರಡು ಆಚೀಚೆ.

"ಹೆಸರಿಲ್ದೇ ಇರೋದು ಇಲ್ವಾ ಅಣ್ಣ?"

ಅವನು ಇವನನ್ನು ಕಾಲಿಂದ ತಲೆಯವರೆಗೆ ನೋಡಿದ. "ಹೆಸರಿಲ್ದಿದ್ರೆ ಡುಪ್ಲಿಕೇಟ್ ಅಂತಾರೆ ಸಾ. ಯಾವ್ದಾರ ಒಂದ್ ಹೆಸ್ರು ಇರ್ಲಿ. ಬ್ಯಾಡ ಅಂದ್ರೆ ಬ್ಲೇಡಲ್ಲಿ ಕಿತ್ಕೊಡ್ತೀನಿ, ಐವತ್ ರೂಪಾಯಿ ಎಕ್ಸ್‌ಟ್ರಾ."

ಕಂಪನಿಗಳು 20 ಸಾವಿರಕ್ಕೆ ಮಾಡುವ ಕೆಲಸಕ್ಕೆ ನಮ್ಮೂರಿನ ರೇಟು ಐವತ್ತು.

ಇಷ್ಟಾದರೂ ಮೈಸೂರಿನಲ್ಲಿ ಗುಟ್ಟು ನಿಲ್ಲುತ್ತದೆ ಅನ್ನುವುದು ಭ್ರಮೆ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿಕೊಂಡಾಗ ಎದುರಿನ ಜನವೆಲ್ಲ ಫೋನು ಎತ್ತಿ ಹಿಡಿದಿರುತ್ತಾರೆ. ಯಾರು ಯಾರ ಮುಖವನ್ನೂ ನೋಡುವುದಿಲ್ಲ. ಅಲ್ಲೇ ಒಬ್ಬ ಬ್ಯಾಗಿನಿಂದ ಕ್ಯಾಮೆರಾ ತೆಗೆಯಲಿ, ಸುತ್ತಲಿನ ಹತ್ತು ತಲೆ ತಿರುಗುತ್ತವೆ. "ಯಾವ ಚಾನೆಲ್ಲು?" ಅನ್ನುತ್ತಾರೆ ಒಬ್ಬರು. "ಯಾವತ್ತು ಬರುತ್ತೆ?" ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಮೊಮ್ಮಗಳ ಜುಟ್ಟು ಸರಿಮಾಡಿ ಮುಂದೆ ತಂದು ನಿಲ್ಲಿಸುತ್ತಾರೆ.

ಹುಡುಗನಿಗೆ ನಾನು ಕೊಟ್ಟ ಕೊನೆಯ ಸಲಹೆ ಜವಳಿ ಅಂಗಡಿಯ ಬಟ್ಟೆ ಚೀಲ. ಮುಹೂರ್ತದ ಸೀರೆ ಕೊಂಡವರಿಗೆ ಕೊಡುತ್ತಾರಲ್ಲ, ಮಿರಮಿರ ಮಿಂಚುವ ದೊಡ್ಡ ಕೈಚೀಲ, ಅದು. ಅದನ್ನು ಹಿಡಿದವರನ್ನು ಈ ಜಿಲ್ಲೆಯಲ್ಲಾಗಲಿ ಮಂಡ್ಯ ಜಿಲ್ಲೆಯಲ್ಲಾಗಲಿ ಯಾವ ಗೇಟಿನವರೂ ಅನುಮಾನಿಸಿದ್ದು ನಾನು ಕಂಡಿಲ್ಲ. ಸ್ಪಂಜಿನ ಡಬ್ಬ ಅದರೊಳಗೆ ಸಲೀಸಾಗಿ ಕೂತಿತು. ಲ್ಯಾಪ್‌ಟಾಪು ಸೀರೆಯ ರಟ್ಟಿನ ಪೆಟ್ಟಿಗೆಯಲ್ಲಿ ಹೊಂದಿಕೊಂಡಿತು. ಹೋದ ವಾರ ಅದನ್ನೇ ಹಿಡಿದು ಬೆಳಗ್ಗೆ ಬೆಳಗ್ಗೆಯೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋದ. ಯಾರೂ ತಡೆಯಲಿಲ್ಲ, ಯಾರೂ ಕೇಳಲಿಲ್ಲ. ಮರದ ಮರೆಗೆ ಹೋಗಿ ಕ್ಯಾಮೆರಾ ತೆಗೆದು ಇನ್ನೇನು ನೀರುಕಾಗೆಗೆ ಗುರಿಯಿಡಬೇಕು, ವಾಕಿಂಗ್ ಬಂದ ಹಿರಿಯರೊಬ್ಬರು ಹಿಂದಿನಿಂದ ಇಣುಕಿ ಚೀಲ ನೋಡಿದರು, ಕ್ಯಾಮೆರಾ ನೋಡಿದರು.

"ಓಹೋ, ಮದ್ವೆ ಆರ್ಡರ್ರಾ? ಸೀರೆನೂ ನೀವೇ ತರ್ತೀರಾ? ಪ್ಯಾಕೇಜ್ ಎಷ್ಟಪ್ಪ? ಆಷಾಢ ಕಳೀಲಿ, ನಮ್ಮನೇದೂ ಒಂದಿದೆ. ನಂಬರ್ ಕೊಡು."

ನಂಬರ್ ಕೊಟ್ಟು ಬಂದಿದ್ದಾನೆ. ರೇಟು ಎಷ್ಟು ಹೇಳಲಿ ಅಂತ ಈಗ ನನ್ನನ್ನು ಕೇಳುತ್ತಿದ್ದಾನೆ.